ಕಾಗದದ ಮಚ್ಚು

ಶ್ಯಾಮಲ ರಾಗಿಹಿಟ್ಟಿನ ಅಂಟನ್ನು ಬೆರಳ ತುದಿಗೆ ತೆಗೆದುಕೊಂಡು ಮಚ್ಚಿನ ಕೊಕ್ಕಿಗೆ ಹಚ್ಚಿದಳು. ಹರಿದ ಎರಡು ಅಂಚುಗಳನ್ನು ಕೂಡಿಸಿ ಸೆರಗಿನಿಂದ ಮೆಲ್ಲಗೆ ಒತ್ತಿದಳು. ಒಣಗಲೆಂದು ಬಾಯಿಂದ ಗಾಳಿ ಊದಿದಳು.

ಮಚ್ಚು ಕಾಗದದ್ದು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಇದ್ದಿಲಿನ ಗೆರೆ ಎಳೆದು ಕತ್ತರಿಸಿದ್ದು. ಹಿಡಿಯ ಹತ್ತಿರವಿದ್ದ ಸಣ್ಣ ತೂತನ್ನು ಅವಳು ಊದುಬತ್ತಿಯ ಕೆಂಡದಿಂದ ಸುಟ್ಟು ಮಾಡಿದ್ದಳು.

ಮಾಸ್ತಿ ಊರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕುಲುಮೆಯ ಮುಂದಿನ ಚಪ್ಪಡಿಯ ಮೇಲೆ ಅವಳು, ಅವಳ ಪಕ್ಕದಲ್ಲಿ ಸೋದರಮಾವ ಚನ್ನರಾಯಪ್ಪ. ಮಾವ ಸುಣ್ಣದ ಡಬ್ಬಿಯ ಮುಚ್ಚಳದ ಮೇಲೆ ಹೊಗೆಸೊಪ್ಪು ಹಾಕಿ, ಬಲಗೈ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ಎಡಗೈಗೆ ಹಳೆಯ ಪಂಚೆಯ ಚೂರು ಸುತ್ತಿತ್ತು. ಜಾಲಿಮುಳ್ಳು ಹೊಕ್ಕಿದೆ ಎಂದಿದ್ದರು.

ಮಾವಿನ ತೋಪಿನ ಕಾವಲುಗಾರ ಪೆದ್ದಪ್ಪನನ್ನು ಕೊಂದ ಆರೋಪದ ಮೇಲೆ ಶ್ಯಾಮಲಳ ಅಣ್ಣ ಕದಿರೇಶ ಶ್ರೀನಿವಾಸಪುರದ ಲಾಕಪ್ಪಿನಲ್ಲಿದ್ದ. ಕಸ್ಟಡಿ ಮುಗಿದು ಸೋಮವಾರ ಅವನನ್ನು ಮತ್ತೆ ಕೋಲಾರದ ಕೋರ್ಟಿಗೆ ಒಯ್ಯುತ್ತಾರೆ.

ಹೆಣ ತೋಪಿನ ಬಾವಿಯಲ್ಲಿ ಸಿಕ್ಕಿತ್ತು. ತಲೆಗೆ ಏಟು ಬಿದ್ದಿತ್ತು. ಮಚ್ಚಿನ ಬೆನ್ನಿನಿಂದ ಹೊಡೆದದ್ದೋ, ಕಲ್ಲಿನ ಮೆಟ್ಟಿಲು ತಗುಲಿದ್ದೋ, ಡಾಕ್ಟರಿಗೂ ಖಚಿತವಿರಲಿಲ್ಲ. ಆದರೆ ಮೆಟ್ಟಿಲ ಮೇಲೆ ಹಳೆಯ ಮಚ್ಚೊಂದು ಬಿದ್ದಿತ್ತು. ಮೈಸೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರು ಅದರ ಕೊಕ್ಕು ನೋಡಿ, “ಇದು ಆಂಧ್ರದ ಮಾಲು” ಎಂದಿದ್ದರು.

ಅಷ್ಟು ಸಾಕಾಯಿತು. ಕದಿರೇಶ ಆಂಧ್ರದ ಗಡಿಯ ನಂಗಲಿಯಲ್ಲಿ ಲಾರಿ ಕ್ಲೀನರ್. ದಿನ ಬೆಳಗಾದರೆ ಗಡಿ ದಾಟುವವನು. ಪೆದ್ದಪ್ಪ ಸಾಯುವ ಹಿಂದಿನ ದಿನವಷ್ಟೇ ಕದಿರೇಶನ ಲಾರಿ ತಾಗಿ ತೋಪಿನ ಕೊಂಬೆಯೊಂದು ಮುರಿದು, ಅವನಿಗೂ ಪೆದ್ದಪ್ಪನಿಗೂ ಕೈಕೈ ಮಿಲಾಯಿಸುವಷ್ಟು ಜಗಳವಾಗಿತ್ತು.

ಇದೆಲ್ಲದರ ಮೇಲೆ ಒಂದು ಸಾಕ್ಷಿ. ತೋಪಿನ ಅಂಚಿನ ಮುದುಕಿ ದೊಡ್ಡಮುನಿಯಮ್ಮ, ಬಾವಿಯ ಬಳಿ ಕಂಡವನ ಕೈಯಲ್ಲಿ ಮಚ್ಚಿತ್ತು ಎಂದು ಹೇಳಿ ಹೆಬ್ಬೆಟ್ಟು ಒತ್ತಿದ್ದಳು.

ಮಚ್ಚು ಆಂಧ್ರದ್ದಲ್ಲ ಎಂದು ತೋರಿಸಿದರೆ ಅಣ್ಣ ಉಳಿಯುತ್ತಾನೆ. ಶ್ಯಾಮಲಳ ತಲೆಯಲ್ಲಿ ಇದ್ದದ್ದು ಇಷ್ಟೇ. ದಫೇದಾರ್ ಮುನಿಶಾಮಿ ಸ್ಟೇಷನ್ನಿನ ಹಿತ್ತಿಲಿಗೆ ಹೋಗಿ ಬೀಡಿ ಹಚ್ಚುವಷ್ಟು ಹೊತ್ತು ಮುಖ ತಿರುಗಿಸಿದ್ದ. ಆ ಹೊತ್ತಿನಲ್ಲಿ ಅವಳು ಕಬ್ಬಿಣದ ಮಚ್ಚನ್ನು ಕ್ಯಾಲೆಂಡರಿನ ಮೇಲಿಟ್ಟು ಕಾಗದದ ಮಚ್ಚು ಮಾಡಿಕೊಂಡಿದ್ದಳು.

ಕಮ್ಮಾರರಿಗೆ ತೋರಿಸಲು ಊರೂರು ಅಲೆದ ಬಸ್ಸುಗಳಲ್ಲಿ ಅದು ಅವಳ ತೊಡೆಯ ಮೇಲೆ ತರಗೆಲೆಯಂತೆ ಕಂಪಿಸುತ್ತಿತ್ತು. ಕಮ್ಮಾರರ ಕರಿ ಬೆರಳುಗಳ ಗುರುತು ಅದರ ಮೇಲೆ ಒಂದೊಂದಾಗಿ ಕೂತಿತ್ತು.

ನಂಗಲಿಯವನು ತನ್ನ ಮಚ್ಚನ್ನು ಅದರ ಮೇಲಿಟ್ಟು ತಲೆ ಅಲ್ಲಾಡಿಸಿದ್ದ. “ನಮ್ಮದಕ್ಕೆ ಕೊಳವೆ ಇರ್ತದೆ ತಾಯಿ, ಕೋಲು ಸಿಗಿಸೋಕೆ. ಇದರದ್ದು ಬಾಲ ಹಿಡಿಯೊಳಗೆ ಹೋಗ್ತದೆ. ನಮ್ಮ ಕಡೇದಲ್ಲ.” ಮುಳಬಾಗಿಲಿನವನು, “ಕಾಗದದ ಮಚ್ಚಲ್ಲಿ ಏನು ಕಡೀತೀಯಮ್ಮ, ಮುದ್ದೇನಾ?” ಎಂದು ನಕ್ಕಿದ್ದ. ಕ್ಯಾಲನೂರಿನವನು ಹಸುವಿಗೆ ಮೇವು ಕತ್ತರಿಸುವ ದಪ್ಪ ಹೊಟ್ಟೆಯ ಮಚ್ಚನ್ನು ತೋರಿಸಿ, ಕೊಕ್ಕಿರುವುದು ಮಾಲೂರಿನ ಕಡೆಯದಿರಬಹುದು ಎಂದಿದ್ದ.

ಹಾಗೆ ಬಂದದ್ದು ಮಾಲೂರು ತಾಲ್ಲೂಕಿನ ಈ ಮಾಸ್ತಿಗೆ.

ಕುಲುಮೆಯೊಳಗಿಂದ ಕಮ್ಮಾರ ಆಂಜಿನಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಕಾಗದವನ್ನು ಬೆಳಕಿಗೆ ಹಿಡಿದ. ಸುಟ್ಟ ತೂತಿನಿಂದ ಸೂರ್ಯನ ಒಂದು ಚುಕ್ಕಿ ಇಳಿದು ಅವನ ಗಲ್ಲದ ಮೇಲೆ ಕೂತಿತು.

“ಈ ತೂತು ನೀನು ಹಾಕಿದ್ದಾ?”

“ಅದರಲ್ಲಿ ಎಲ್ಲಿತ್ತೋ ಅಲ್ಲೇ ಹಾಕಿದ್ದೀನಿ.”

“ನಡುಮಧ್ಯ ಇಲ್ಲ. ಬೆನ್ನಿನ ಕಡೆ ಜರುಗೈತೆ.”

“ಹಂಗೇ ಇತ್ತು.”

ಆಂಜಿನಪ್ಪ ಕಾಗದವನ್ನು ಇಳಿಸಿದ. ಅವನ ಮುಖ ಬೇರೆಯಾಗಿತ್ತು. ಎಲ್ಲಿಂದಲೋ ಯಾರೋ ಹೆಸರು ಹಿಡಿದು ಕರೆದಂತೆ ಒಂದು ಗಳಿಗೆ ನಿಂತ.

“ನಮ್ಮಪ್ಪನಿಗೆ ಒಂದು ಕಣ್ಣಿರಲಿಲ್ಲ. ಕಿಡಿ ಹಾರಿ ಹೋಗಿತ್ತು. ಅಲಗು ತಟ್ಟೋದ್ರಲ್ಲಿ ಎತ್ತಿದ ಕೈ. ತೂತು ಹೊಡೆಯೋಕೆ ಕೂತ್ರೆ ಮಾತ್ರ ಯಾವಾಗ್ಲೂ ಬೆನ್ನಿನ ಕಡೆ ಹೋಗೋದು. ‘ಒಂಟಿಕಣ್ಣಿನ ತೂತು’ ಅಂತ ಊರೆಲ್ಲ ನಗೋರು. ಇದು ನಮ್ಮಪ್ಪಂದೇ. ಇದೇ ಕುಲುಮೆದು.”

ಶ್ಯಾಮಲ ಚಪ್ಪಡಿಯಿಂದ ಎದ್ದಳು. ಪಕ್ಕದಲ್ಲಿ ಮುಚ್ಚಳದ ಮೇಲೆ ಆಡುತ್ತಿದ್ದ ಹೆಬ್ಬೆರಳು ನಿಂತಿತು.

“ಯಾರಿಗೆ ಮಾಡಿದ್ದು, ಜ್ಞಾಪಕ ಐತಾ ಸ್ವಾಮಿ?”

“ತೂತು ಕೇಳೋರು ಕಮ್ಮಿ ಕಣಮ್ಮ. ಮರ ಹತ್ತೋರಿಗೆ ಬೇಕು ಅದು, ಹಗ್ಗ ಕಟ್ಟಿ ಸೊಂಟಕ್ಕೆ ಇಳಿಬಿಡೋಕೆ. ಇಲ್ಲಿ ರಾಗಿ, ತರಕಾರಿ. ಯಾರು ಹತ್ತುತಾರೆ?” ಅವನು ಬೀದಿಯ ತುದಿಯ ಕಡೆ ನೋಡಿದ. “ಒಬ್ಬ ಇದ್ದ. ಇದೇ ಬೀದಿಯೋನು. ಸೀನಿವಾಸಪುರದಲ್ಲಿ ಮಾವಿನ ತೋಪು ಕಾಯೋ ಕೆಲಸ ಸಿಕ್ತು ಅಂತ ಹೊರಟಾಗ ಅಪ್ಪನ ಹತ್ರ ಹಟ ಮಾಡಿ ಮಾಡಿಸ್ಕೊಂಡ. ಇನ್ನೂ ಮೀಸೆ ಬಂದಿರಲಿಲ್ಲ ಅವನಿಗೆ. ಪೆದ್ದಪ್ಪ ಅಂತ.”

ಮಂಜಿನಲ್ಲಿ ಯಾರದೋ ಹಸು ಒಮ್ಮೆ ಕೂಗಿ ಸುಮ್ಮನಾಯಿತು.

“ಅದೇ ಊರಿಂದ ಬಂದೋರಲ್ವಾ ನೀವು? ಹೆಂಗವ್ನೆ ಅವನು?”

ಶ್ಯಾಮಲ ನೆಲ ನೋಡಿದಳು. ಹೇಳಬೇಕಾದದ್ದನ್ನು ಮಾವ ಹೇಳಿದರು. ಆಂಜಿನಪ್ಪ ಕೇಳಿಸಿಕೊಂಡ. ಆಮೇಲೆ ಅಂಟು ಹಾಕಿದ ಕೊಕ್ಕನ್ನು, ಗಾಯವೇನೋ ಎಂಬಂತೆ, ಬೆರಳಿಂದ ಒಮ್ಮೆ ಸವರಿ, ಕಾಗದವನ್ನು ಮಡಿಸದೆ ಅವಳ ಕೈಗೆ ಕೊಟ್ಟ.

*

ಮಾಲೂರಿನ ಬಸ್ಸು ತೂಗುತ್ತ ಹೊರಟಿತು. ಕಿಟಕಿಯಾಚೆ ಕೊಯ್ದ ರಾಗಿಯ ಹೊಲಗಳು, ಮೆದೆಗಳು, ಮತ್ತೆ ಮಂಜು.

“ಮಾವಾ, ಅದು ಪೆದ್ದಪ್ಪಂದೇ ಮಚ್ಚು. ಅವನ ಬಾವಿ ಹತ್ರ ಅವನ ಮಚ್ಚು ಬಿದ್ದಿತ್ತು ಅಷ್ಟೆ. ಅಣ್ಣ ಎಲ್ಲಿಂದಲೂ ತಂದಿಲ್ಲ.”

“ಅಷ್ಟಕ್ಕೇ ಬಿಟ್ಟುಬಿಡ್ತಾರಾ?” ಮಾವ ಹೊಗೆಸೊಪ್ಪನ್ನು ದವಡೆಗಿಟ್ಟುಕೊಂಡರು. “ಮನೆಯಿಂದ ತರಲಿಲ್ಲ, ಅಲ್ಲೇ ಬಿದ್ದಿದ್ದು ಎತ್ಕೊಂಡ ಅಂತಾರೆ. ಕೈಯಲ್ಲಿ ಮಚ್ಚಿದ್ದಿದ್ದನ್ನ ಮುದುಕಿ ನೋಡವಳಲ್ಲ ಶ್ಯಾಮಲೀ.”

“ಅವಳನ್ನೇ ಒಂದ್ಸಲ ಕೇಳೋಣ.”

“ಕಣ್ಣು ಮಂದ, ಕಿವಿನೂ ಮಂದ. ಏನು ಕೇಳ್ತೀಯ? ನೀನು ಹೋಗಿ ಕೆದಕಿ, ಅವಳು ಇನ್ನೊಂದು ಏನೋ ಒದರಿ, ಕೇಸು ಇನ್ನೂ ಬಿಗಿಯಾಗತ್ತೆ. ನಾಳೆ ವಕೀಲರ ಹತ್ರ ಮಾತಾಡ್ತೀನಿ. ನೀನು ಸುಮ್ಕಿರು.”

ಸುಮ್ಮನಿರುವುದು ಅವಳಿಗೆ ಹೊಸದಲ್ಲ. ಅಮ್ಮ ಸತ್ತ ವರ್ಷ ಸ್ಕೂಲು ಬಿಟ್ಟಾಗಲೂ ಸುಮ್ಮನಿದ್ದಳು. ಆಗ ಅವಳನ್ನೂ ಅಣ್ಣನನ್ನೂ ಕರೆತಂದು ಸಾಕಿದ್ದು ಇದೇ ಮಾವ. ಅಣ್ಣನನ್ನು ಹಿಡಿದುಕೊಂಡು ಹೋದ ದಿನವೂ ಸ್ಟೇಷನ್ನಿನ ಜಗಲಿಯಲ್ಲಿ ನಿಂತು, ಮುದುಕಿಯ ತೆಲುಗನ್ನು ಇನ್‌ಸ್ಪೆಕ್ಟರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದವರು ಮಾವನೇ. ಶ್ಯಾಮಲ ಗೇಟಿನ ಆಚೆ ಇದ್ದಳು. ಮುದುಕಿಯ ಮಾತು ಕೇಳಿಸಲಿಲ್ಲ. ಮಾವನ ದನಿ ಮಾತ್ರ ಕೇಳಿಸಿತ್ತು: “ಕೈಯಲ್ಲಿ ಮಚ್ಚಿತ್ತಂತೆ ಸಾರ್.”

ಮಾಲೂರಿನಲ್ಲಿ, ಮತ್ತೆ ಕೋಲಾರದಲ್ಲಿ ಬಸ್ಸು ಬದಲಾಯಿಸಿದರು. ಶ್ರೀನಿವಾಸಪುರದ ದಾರಿಯಲ್ಲಿ ಬಿಸಿಲು ಮೆತ್ತಗಾಗಿ, ಅವಳಿಗೆ ಜೋಂಪು ಹತ್ತಿತು.

ಕನಸಿನಲ್ಲಿ ಮಾವಿನ ಹೂವು ಸುರಿಯುತ್ತಿತ್ತು. ಕಾಗದದ ಮಚ್ಚು ಬಾವಿಯ ನೀರಿನ ಮೇಲೆ ಮೀನಿನಂತೆ ತೇಲುತ್ತಿತ್ತು. ಮೀಸೆ ಬಾರದ ಹುಡುಗನೊಬ್ಬ ಮೆಟ್ಟಿಲ ಮೇಲೆ ಕೂತು ಅದನ್ನು ಕೈಗೆ ತೆಗೆದುಕೊಂಡ. ತೆಗೆದುಕೊಳ್ಳುತ್ತಿದ್ದಂತೆ ಅದು ನೆಂದು, ಕರಗಿ, ಅವನ ಬೆರಳುಗಳ ಸಂದಿಯಿಂದ ಇಳಿದುಹೋಯಿತು. ಹುಡುಗ ಖಾಲಿ ಕೈಯನ್ನು ಅವಳ ಕಡೆ ಚಾಚಿದ. ನೋಡು, ಏನೂ ಇಲ್ಲ, ಎನ್ನುವವನಂತೆ.

ಎಚ್ಚರವಾದಾಗ ಬಸ್ಸಿನ ತುಂಬ ನಿಜವಾದ ಹೂವಿನ ವಾಸನೆ. ತೋಪುಗಳು ಶುರುವಾಗಿದ್ದವು. ಸಂಕ್ರಾಂತಿ ಕಳೆದ ಮೇಲಿನ ಹೂವು, ಎಲೆ ಕಾಣದಂತೆ.

“ಹೋಲ್ಡಾನ್!” ಯಾರೋ ಕೂಗಿದರು.

ಕೂಗಿದ್ದು ತಾನೇ ಎಂದು ಶ್ಯಾಮಲಳಿಗೆ ತಿಳಿಯುವಷ್ಟರಲ್ಲಿ ಬಸ್ಸು ನಿಂತಿತ್ತು. ಅವಳು ಮಾವನ ಮುಖ ನೋಡದೆ ಇಳಿದಳು. ಹಿಂದೆ ಮಾವ ಇಳಿಯುವುದು ಕೇಳಿಸಿತು.

*

ದೊಡ್ಡಮುನಿಯಮ್ಮ ಗುಡಿಸಲ ಮುಂದೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಒಂದು ಹಿಡಿ ತೆಗೆದು ಮೂಗಿನ ಹತ್ತಿರ ತಂದು, ಕಲ್ಲು ಆರಿಸಿ ಎಸೆಯುವಳು. ಆಡುಗಳು ಸುತ್ತ ಮಲಗಿದ್ದವು. ಮಾವ ಒಳಗೆ ಬರಲಿಲ್ಲ. ಬೇಲಿಯ ಪಕ್ಕದ ಬೇವಿನ ಕೆಳಗೆ, ಈ ಕಡೆಗೆ ಬೆನ್ನು ಮಾಡಿ ಕೂತರು.

“ಎವರು? ಇದ್ದರು ವಚ್ಚಿನಾರೇ,” ಎಂದಳು ಮುದುಕಿ ತಲೆ ಎತ್ತದೆ. ಇಬ್ಬರು ಬಂದಂತಿದೆಯಲ್ಲ ಎಂದು. ಕಿವಿ ಮಂದ ಎಂದಿದ್ದರು ಮಾವ. ಧೂಳಿನ ಮೇಲೆ ಬರಿಗಾಲಿನ ಸದ್ದನ್ನು ಆ ಕಿವಿ ಎಣಿಸಿತ್ತು.

“ನಾನವ್ವಾ, ಶ್ಯಾಮಲ. ಕದಿರೇಶನ ತಂಗಿ.”

“ರಾ ಪಾಪಾ, ಕೂಸೋ.” ಬಾ ಮಗು, ಕೂತುಕೋ ಎಂದಳು ಮುದುಕಿ.

ಮುದುಕಿಗೆ ಕನ್ನಡ ಅಷ್ಟಕ್ಕಷ್ಟೆ. ಶ್ಯಾಮಲ ತೆಲುಗಿನಲ್ಲೇ ಕೇಳಿದಳು. ಅವತ್ತು ಏನಾಯಿತು, ಇನ್ನೊಮ್ಮೆ ಹೇಳು ಅವ್ವಾ ಎಂದಳು.

“ಎಷ್ಟು ಸಲ ಹೇಳಲಿ? ಆಡಿಗೆ ಸೊಪ್ಪು ಕಡಿದು ಹೊರೆ ಕಟ್ಟಿದ್ದೆ. ಹೊತ್ತು ಇಳಿದಿತ್ತು. ಎತ್ತಿಕೊಡೋಕೆ ಒಂದು ನರಪಿಳ್ಳೆ ಇಲ್ಲ. ಬಾವಿ ಕಡೆಯಿಂದ ಯಾರೋ ಬಂದ ಸದ್ದಾಯ್ತು. ‘ನಾಯನಾ, ಒಂದು ಕೈ ಹಾಕು’ ಅಂದೆ. ಬಂದು ಎತ್ತಿಕೊಟ್ಟ.”

“ಯಾರು?”

“ನನ್ನ ಕಣ್ಣಿಗೆ ಮಾರು ದೂರ ಆಚೆ ಎಲ್ಲಾ ಹೊಗೆ ಪಾಪಾ. ಮೂಗಿನ ಹತ್ರ ತಂದ್ರೆ ಸಾಸಿವೆ ಕಾಳೂ ಕಾಣತ್ತೆ. ಮುಖ ಎಲ್ಲೋ ಮೇಲಿತ್ತು.”

“ಮಾತಾಡಿದ್ರೆ ಗುರುತು ಸಿಕ್ತಿತ್ತಲ್ಲ ಅವ್ವಾ.”

“ಅದೇ! ಹೊರೆ ಎತ್ತೋರು ಯಾರಾದ್ರೂ ‘ಏನವ್ವಾ ಇಷ್ಟು ಭಾರ, ಆಡಿಗಾ ಆನೆಗಾ’ ಅಂತ ಒಂದು ಮಾತು ಆಡ್ತಾರೆ. ಇವನು ಉಸಿರು ಬಿಡಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಸಿಂಬೆ ಮೇಲೆ ಕೂರಿಸಿ, ಹೋದ.”

ಎರಡೂ ಕೈಯಲ್ಲಿ.

ಶ್ಯಾಮಲ ತನ್ನ ಎರಡು ಕೈಗಳನ್ನು ಮುಂದೆ ಹಿಡಿದು ಇಲ್ಲದ ಹೊರೆಯೊಂದನ್ನು ಎತ್ತಿ ನೋಡಿದಳು. ಕೈಯಲ್ಲಿ ಮಚ್ಚಿದ್ದವನು ಹೊರೆ ಎತ್ತುವುದು ಹೇಗೆ?

“ಅವ್ವಾ, ಸ್ಟೇಷನ್ನಲ್ಲಿ ಏನು ಹೇಳಿದೆ? ಹೇಳಿದ ಮಾತನ್ನ ಹಂಗೇ ಹೇಳು.”

“ವಾನಿ ಚೇತಿಲೋ ಮಚ್ಚುಂದಿ. ಇಷ್ಟೇ ಹೇಳಿದ್ದು. ಅವರು ಮಚ್ಚು ಮಚ್ಚು ಅಂತ ಏನೋ ಓದಿದ್ರು. ನಾನು ಹೂಂ ಅಂದೆ.”

ಮಚ್ಚುಂದಿ. ಅವನ ಕೈಯಲ್ಲಿ ಮಚ್ಚು ಇದೆ.

ಬೇರೆ ದಿನವಾಗಿದ್ದರೆ ಆ ಮಾತು ಕಿವಿಯ ಮೇಲೆ ಹಾದುಹೋಗುತ್ತಿತ್ತು. ಈಗ ಅದರ ಬಾಲ ಅವಳಿಗೆ ಸಿಕ್ಕಿಹಾಕಿಕೊಂಡಿತು. ಉಂದಿ. ಇದೆ. ಮುಗಿದುಹೋದ ಸಂಜೆಯ ಮಾತನ್ನು ಯಾರಾದರೂ ‘ಇದೆ’ ಎನ್ನುತ್ತಾರೆಯೇ?

“ಉನ್ನಿಂದಿ ಅನ್ನು ಅವ್ವಾ. ಅವತ್ತು ಇತ್ತು. ಈಗ ಅದು ಸ್ಟೇಷನ್ನಲ್ಲಿದೆ.”

ಮುದುಕಿಯ ಕೈ ಮೊರದಲ್ಲೇ ನಿಂತಿತು.

“ಸ್ಟೇಷನ್ನಲ್ಲಾ? ಅಯ್ಯೋ, ಕೈ ಕಡಿದು ಇಟ್ಕೊಂಡವರಾ?”

“ಕೈ ಅಲ್ಲವ್ವಾ, ಮಚ್ಚು.”

“ಕೈ ಬಿಟ್ಟು ಮಚ್ಚ ಯಾಡಿಕಿ ಪೋತಾದೇ, ಪಿಚ್ಚಿದಾನಾ!”

ಕೈ ಬಿಟ್ಟು ಅದು ಎಲ್ಲಿಗೆ ಹೋಗುತ್ತದೆ, ಹುಚ್ಚಿ, ಎಂದು ದೊಡ್ಡಮುನಿಯಮ್ಮ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಮುಂದಕ್ಕೆ ಬಗ್ಗಿ, ಶ್ಯಾಮಲಳ ಮುಖವನ್ನು ಎರಡು ಕೈಯಿಂದ ಹಿಡಿದು ಮೂಗಿನ ಹತ್ತಿರ ಎಳೆದುಕೊಂಡಳು. ಹುರುಳಿಯ ಧೂಳು ಮೆತ್ತಿದ ಬೆರಳಿನಿಂದ ಅವಳ ಗಲ್ಲದ ಮೇಲಿದ್ದ ಕಪ್ಪು ಚುಕ್ಕಿಯನ್ನು ಮುಟ್ಟಿದಳು.

“ಇದಿಗೋ. ಇಟ್ಲಾಂಟಿ ಮಚ್ಚ.”

ಮಚ್ಚೆ.

ಮಚ್ಚು ಅಲ್ಲ, ಮಚ್ಚೆ. ತೆಲುಗಿನ ಮಚ್ಚ. ಮಚ್ಚ ಉಂದಿ, ಮಚ್ಚುಂದಿ. ಅವನ ಕೈಯಲ್ಲಿ ಮಚ್ಚೆ ಇದೆ. ಅವತ್ತು ಸ್ಟೇಷನ್ನಿನ ಮೇಜಿನ ಮೇಲೆ ಕಬ್ಬಿಣದ ಮಚ್ಚು ಮಲಗಿತ್ತು. ಅದನ್ನು ನೋಡುತ್ತ ಕೇಳಿದವರಿಗೆಲ್ಲ ಒಂದೇ ಕೇಳಿಸಿತು. ಊರಿಂದೂರಿಗೆ ಅಲೆದು ಅವಳು ಹುಡುಕಿದ್ದು ಯಾರ ಕೈಯಲ್ಲೂ ಇರದಿದ್ದ ಮಚ್ಚನ್ನು. ನಿಜವಾದದ್ದು ಪೆದ್ದಪ್ಪನ ಜೊತೆ ಮಾಸ್ತಿಯಿಂದ ಬಂದು, ಅವನ ಬಾವಿಯ ಮೆಟ್ಟಿಲ ಮೇಲೆ ತನ್ನ ಪಾಡಿಗೆ ತಾನು ಬಿದ್ದಿತ್ತು.

ತೋಪಿನಲ್ಲಿ ಜೇನುಹುಳುಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿದ್ದವು.

ಕದಿರೇಶಣ್ಣನ ಕೈಗಳು ಅವಳಿಗೆ ಗೊತ್ತು. ಗ್ರೀಸು ಹಿಡಿದ ಆ ಕೈಗಳಿಗೆ ವಾರವಾರವೂ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದವಳು ಅವಳೇ. ಒಂದು ಚುಕ್ಕಿಯೂ ಇಲ್ಲ. ಅಣ್ಣ ಉಳಿದ. ಉಳಿದನಲ್ಲ! ಎದ್ದು ಬೇಲಿಯ ಕಡೆ ಓಡಿ ಮಾವನಿಗೆ ಹೇಳಬೇಕೆಂದು ಕಾಲು ಎದ್ದಿತ್ತು.

“ಯಾವ ಕೈಯವ್ವಾ?” ಎಂದು ಕೇಳಿದ್ದು, ಹೇಳುವಾಗ ಪೂರ್ತಿ ಹೇಳೋಣ ಎಂದಷ್ಟೇ.

“ಎಡಮ ಚೇಯಿ, ಎಡಗೈ. ಹೊರೆ ಕೂತ ಮೇಲೆ ಅಂಗೈ ನನ್ನ ಕಣ್ಣ ಮುಂದೇನೇ ಇಳೀತು. ನೀರಿನಲ್ಲಿ ನೆಂದು ತೊಳೆದಂಗಿತ್ತು. ನಡುಮಧ್ಯೆ ಮಚ್ಚ, ಹುರುಳಿಕಾಳಿನಷ್ಟು. ಮುಷ್ಟಿ ಕಟ್ಟಿದ್ರೆ ಒಳಗೆ ಅಡಗೋ ಮಚ್ಚ ಅದೃಷ್ಟ ಅಂತಾರೆ ಪಾಪಾ. ಯಾರಿಗೂ ತೋರಿಸಬಾರದಂತೆ, ತೋರಿಸಿದ್ರೆ ಅದೃಷ್ಟ ಹೋಗತ್ತಂತೆ.”

ಎದ್ದ ಕಾಲು ಅಲ್ಲೇ ನಿಂತಿತು.

ಬೇವಿನ ಕೆಳಗಿಂದ ಸಣ್ಣ ಸದ್ದು ಬರುತ್ತಿತ್ತು. ತಗಡಿನ ಮೇಲೆ ಹೆಬ್ಬೆರಳು ಆಡುವ ಸದ್ದು. ಕರ್, ಕರ್.

ಹೊಗೆಸೊಪ್ಪು ಹಾಕುವವರು ಎಲ್ಲರೂ ಎಡ ಅಂಗೈಯಲ್ಲಿಟ್ಟುಕೊಂಡು ತಿಕ್ಕುತ್ತಾರೆ. ಮಾವನೂ ಹಾಗೆಯೇ ತಿಕ್ಕುತ್ತಿದ್ದರು, ಅವಳಿಗೆ ಬುದ್ಧಿ ಬಂದಾಗಿನಿಂದ. ಮುಚ್ಚಳದ ಮೇಲೆ ತಿಕ್ಕತೊಡಗಿದ್ದು ಈಚೆಗೆ. ಪೆದ್ದಪ್ಪ ಸತ್ತ ಮೇಲೆ. ಸತ್ತ ಸಂಜೆ ಮಾವ ಕೋಲಾರದಲ್ಲಿದ್ದರು. ಹಾಗೆಂದು ಅವರೇ ಹೇಳಿದ್ದರು.

ಜಾಲಿಮುಳ್ಳು ಹೊಕ್ಕ ಗಾಯಕ್ಕೆ ಇಷ್ಟು ದಿನವೇ?

ಅವಳು ಕಣ್ಣು ಮುಚ್ಚಿ ಆ ಅಂಗೈಯನ್ನು ನೆನಪಿಸಿಕೊಳ್ಳಲು ನೋಡಿದಳು. ಅಮ್ಮನ ಹೆಣ ಎತ್ತಿದ ಮಧ್ಯಾಹ್ನ ಅವಳ ತಲೆ ಸವರಿದ ಕೈ. ತುತ್ತು ಮಾಡಿ ಉಣಿಸಿದ್ದು ಬಲಗೈ. ಎಡಗೈ ಬಂದಾಗಲೆಲ್ಲ ಅದರ ತುಂಬ ಹೊಗೆಸೊಪ್ಪಿನ ಪುಡಿ, ಸುಣ್ಣದ ಬಿಳುಪು. ನೆನಪಿನಲ್ಲಿ ಎಷ್ಟು ಒರೆಸಿದರೂ ಆ ಪುಡಿ ಹೋಗಲಿಲ್ಲ. ಅಡಿಯಲ್ಲಿ ಚರ್ಮ ಹೇಗಿತ್ತೆಂದು ಅವಳು ಒಮ್ಮೆಯೂ ಕಂಡಿರಲಿಲ್ಲ. ಇರಲಿಕ್ಕಿಲ್ಲ. ಇದ್ದರೆ?

ಸುಮ್ಮನಿದ್ದರೆ ಮಾವ ಉಳಿಯುತ್ತಾರೆ. ಸೋಮವಾರ ಬರುತ್ತದೆ.

ಅವಳು ಕಾಗದದ ಮಚ್ಚನ್ನು ಮುದುಕಿಯ ಮೊರದ ಪಕ್ಕ ಇಟ್ಟಳು. ಗಾಳಿಗೆ ಅದು ಮಗ್ಗುಲು ಬದಲಿಸಿತು. ಆಡಿನ ಮರಿಯೊಂದು ಬಂದು ಅಂಟಿನ ವಾಸನೆಗೆ ಕೊಕ್ಕನ್ನು ಮೂಸಿತು.

“ಜೊತೇಲಿ ಬಂದೋರು ಯಾರು ಪಾಪಾ?” ಮುದುಕಿ ಬೇಲಿಯ ಕಡೆ ಕುರುಡುಕುರುಡಾಗಿ ನೋಡಿದಳು. “ಅವಾಗಿಂದ ಒಂದು ಮಾತೂ ಆಡ್ತಿಲ್ವಲ್ಲ.”

ಕರ್ ಕರ್ ಸದ್ದು ನಿಂತಿತು.

ಶ್ಯಾಮಲ ಅಂಗಳ ದಾಟಿದಳು. ಹೂವು ಉದುರಿದ ನೆಲ ಕಾಲಿಗೆ ತಾಗಿಯೂ ತಾಗದಂತಿತ್ತು. ಮಾವ ತಿರುಗಲಿಲ್ಲ. ಮುಚ್ಚಳ ತೊಡೆಯ ಮೇಲಿತ್ತು. ಬಟ್ಟೆ ಸುತ್ತಿದ ಎಡಗೈ ಮುಷ್ಟಿ ಕಟ್ಟಿತ್ತು.

“ಮಾವಾ, ಅದು ಮಚ್ಚಲ್ಲವಂತೆ. ಮಚ್ಚೆ ಅಂತೆ.”

ಜೇನುಹುಳುಗಳು ಗುಂಯ್‌ಗುಡುತ್ತಲೇ ಇದ್ದವು.

“ಕೇಳಿಸ್ತಲ್ಲ ನಿಮಗೂ.”

ಬೇವಿನ ಎಲೆಯೊಂದು ಅವರ ಭುಜದ ಮೇಲೆ ಬಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

ಅವಳು ಅವರ ಮುಂದೆ ಬಂದು, ಚಿಕ್ಕಂದಿನಲ್ಲಿ ತುತ್ತಿಗೆ ಕೂರುತ್ತಿದ್ದಂತೆ, ನೆಲದ ಮೇಲೆ ಕೂತಳು.

“ಆ ಬಟ್ಟೆ ಬಿಚ್ಚಿ, ಒಂದ್ಸಲ ಕೈ ತೋರ್ಸಿ ಮಾವ.”